ಅಪ್ಪನ ಡೈರಿಯಲ್ಲಿತ್ತು ಹೊಗೆಯ ಲೆಕ್ಕ

‘ಹೊಗಿ ಲೆಕ್ಕಾ ಹಾಕಿ ಏನ್ ಮಾಡ್ತೀಯೋ? ಮೊದ್ಲ ಡೀಸೆಲ್ ಲೆಕ್ಕಾ ಬರಿ’ ಎಂದು ಅಪ್ಪ ನಕ್ಕಿದ್ದರು. ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾವು ಆರಿಸಿಕೊಂಡ ವಿಷಯವೇ ಹಾಗಿತ್ತು. ಹೊಲದ ಟ್ರ್ಯಾಕ್ಟರ್, ರಾಶಿ ಮಷಿನ್, ಪವರ್ ಟಿಲ್ಲರ್, ಜೆಸಿಬಿ, ಜನರೇಟರ್‌ಗಳು ಎಷ್ಟು ಹೊಗೆ ಉಗುಳುತ್ತವೆ ಎಂದು ಅಂದಾಜಿಸುವುದು.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ಅದರ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ. ಹುಬ್ಬಳ್ಳಿಗೂ ದಾವಣಗೆರೆಗೂ ನಡುವೆ ಇರುವ ಹಾವೇರಿ ಜಿಲ್ಲೆ ಅದರಲ್ಲಿಲ್ಲ. ಹಳ್ಳಿ ಗಾಳಿ ಶುದ್ಧ ಎಂದೇ ನಾನೂ ನಂಬಿದ್ದೆ. ಆದರೆ ಗೋವಿನಜೋಳದ ರಾಶಿ ನಡೆಯುವ ದಿನ ಅವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಮಷಿನ್‌ಗೆ ತೆನೆ ಹಾಕುತ್ತಾಳೆ, ರಾತ್ರಿಯಿಡೀ ಕೆಮ್ಮುತ್ತಾಳೆ. ಎಲ್ಲರೂ ಧೂಳನ್ನು ಬೈಯುತ್ತಾರೆ. ಹೊಗೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ.

ಸೂತ್ರವೇನೋ ಸರಳ. ಎಂಜಿನ್‌ಗಳ ಸಂಖ್ಯೆ, ಅವುಗಳ ಶಕ್ತಿ, ಎಷ್ಟು ಹೊರೆಯಲ್ಲಿ ಓಡುತ್ತವೆ, ಎಷ್ಟು ಗಂಟೆ ಓಡುತ್ತವೆ, ಒಂದು ಯೂನಿಟ್ ಕೆಲಸಕ್ಕೆ ಎಷ್ಟು ಹೊಗೆ? ಈ ಐದನ್ನೂ ಗುಣಿಸಿದರೆ ಆಯಿತು. ನಾವು ನಾಲ್ವರು ಗೆಳೆಯರು ಊರಿನ ಪ್ರಕಾರ ಹಂಚಿಕೊಂಡೆವು. ನನಗೆ ಹಾನಗಲ್, ಉಳಿದವರಿಗೆ ಶಿಗ್ಗಾವಿ, ಸವಣೂರು, ಹಿರೇಕೆರೂರು. ಎಲ್ಲರೂ ಸಿಕ್ಕಿಬಿದ್ದದ್ದು ಒಂದೇ ಕಡೆ, ಗಂಟೆಯಲ್ಲಿ. ‘ವರ್ಷಕ್ಕೆ ಎಷ್ಟು ತಾಸು ಓಡಿಸ್ತೀರಿ?’ ಎಂದರೆ, ‘ದೀಪಾವಳಿಯಿಂದ ಸಂಕ್ರಾಂತಿತನಕ ಪುರಸೊತ್ತಿಲ್ಲ ತಮ್ಮಾ’ ಎಂಬ ಉತ್ತರ. ಹಳೆಯ ಟ್ರ್ಯಾಕ್ಟರ್‌ಗಳ ಗಂಟೆ ಮೀಟರ್ ಎಂಜಿನ್ ಸುತ್ತುಗಳನ್ನು ಎಣಿಸುತ್ತದೆ. ಎಂಜಿನ್ ನಿಧಾನವಾದರೆ ಗಂಟೆಯೂ ನಿಧಾನ. ಎಷ್ಟೋ ಮೀಟರ್‌ಗಳು ಕೆಟ್ಟೇ ಹೋಗಿದ್ದವು.

ಪ್ರಾಜೆಕ್ಟ್ ಕೈಬಿಡುವ ಹೊತ್ತಿಗೆ ಅಪ್ಪನ ಮಾತು ನೆನಪಾಯಿತು. ಅವರ ಡೈರಿ ತೆರೆದೆ. ರಾಶಿಯ ದಿನಗಳಲ್ಲಿ ಎಂಟು ತಾಸಿಗೆ ಸುಮಾರು 40 ಲೀಟರ್ ಡೀಸೆಲ್. ಇಂಥ ಎಂಜಿನ್ ಒಂದು ಕಿಲೋವಾಟ್-ಗಂಟೆ ಕೆಲಸಕ್ಕೆ ಸುಮಾರು 0.3 ಲೀಟರ್ ಕುಡಿಯುತ್ತದೆ. ಅಂದರೆ ನಮ್ಮ 45 ಎಚ್‌ಪಿ ಟ್ರ್ಯಾಕ್ಟರ್ ಗಂಟೆಗೆ 16-17 ಕಿಲೋವಾಟ್-ಗಂಟೆ ದುಡಿಯುತ್ತಿತ್ತು, ಹೆಚ್ಚುಕಡಿಮೆ ಅರ್ಧ ಹೊರೆ. ಡೀಸೆಲ್ ಗೊತ್ತಿದ್ದರೆ ಗಂಟೆಯ ಹಂಗೇ ಬೇಡ!

ನಮ್ಮ ಟ್ರ್ಯಾಕ್ಟರ್ 2012ರ ಮಾದರಿ. ಆ ಕಾಲದ ನಿಯಮದಂತೆ ಈ ಗಾತ್ರದ ಎಂಜಿನ್ ಪ್ರತಿ ಕಿಲೋವಾಟ್-ಗಂಟೆಗೆ 0.6 ಗ್ರಾಂವರೆಗೆ ಹೊಗೆಕಣ ಬಿಡಬಹುದು. ಹಾಗಾಗಿ ಗಂಟೆಗೆ 10 ಗ್ರಾಂ. ಬಿಎಸ್-6 ಡೀಸೆಲ್ ಕಾರಿನ ಮಿತಿ ಕಿಲೋಮೀಟರಿಗೆ 4.5 ಮಿಲಿಗ್ರಾಂ. ಮಿತಿಯ ಲೆಕ್ಕದಲ್ಲಿ ಆ ಕಾರು ಹಾವೇರಿಯಿಂದ ಬೆಂಗಳೂರಿಗೆ ಮೂರು ಸಲ ಹೋಗಿ ಬಂದರೂ ನಮ್ಮ ಕಣದ ಒಂದು ತಾಸನ್ನು ಮುಟ್ಟುವುದಿಲ್ಲ. ಅದೂ ಹೊಸ ಎಂಜಿನ್‌ನ ಮಿತಿ. ಸವೆದ ಎಂಜಿನ್, ಹೊಟ್ಟು ತುಂಬಿದ ಏರ್ ಫಿಲ್ಟರ್ ಇದ್ದರೆ ಇನ್ನೂ ಹೆಚ್ಚು. 50 ಎಚ್‌ಪಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಬಿಗಿ ನಿಯಮ ಬಂದಿದೆ. ನಮ್ಮ ಟ್ರ್ಯಾಕ್ಟರ್ ಗಾತ್ರದಲ್ಲೂ ವಯಸ್ಸಿನಲ್ಲೂ ಅದರ ಹೊರಗೆ.

ಈ ಲೆಕ್ಕ ಅಪ್ಪನಿಗೆ ಹೇಳಲು ಹಿಂಜರಿದೆ. ನನ್ನ ಕಾಲೇಜು ಫೀ ಕಟ್ಟಿದ್ದು ಇದೇ ಎಂಜಿನ್. ಅದನ್ನು ನಿಲ್ಲಿಸಿ ಎನ್ನುವ ಬಾಯಿ ನನಗಿಲ್ಲ. ಕೊನೆಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕರೇ ಹೊಗಿ ಬಂತಂದ್ರ ಡೀಸೆಲ್ ಸುಮ್ನ ಹೋತಂತ ಅರ್ಥ’ ಎಂದರು. ಮರುದಿನ ಬೆಳಿಗ್ಗೆ ಫಿಲ್ಟರ್ ಬಿಚ್ಚಿ ತೊಳೆದರು. ಗಾಳಿಯ ದಿಕ್ಕು ನೋಡಿ, ಹೊಗೆ ತೆನೆ ಹಾಕುವವರ ಕಡೆ ಬಾರದಂತೆ ಟ್ರ್ಯಾಕ್ಟರ್ ನಿಲ್ಲಿಸಿದರು. ಅವ್ವ ಸೆರಗು ಮಾತ್ರ ಬಿಚ್ಚಲಿಲ್ಲ. ಧೂಳು ಇದ್ದೇ ಇದೆಯಲ್ಲ!

ನಾಲ್ಕು ತಾಲ್ಲೂಕುಗಳ ಪೂರ್ತಿ ಲೆಕ್ಕ ನಮ್ಮಿಂದ ಆಗಲಿಲ್ಲ. ಅದಕ್ಕೆ ಇನ್ನೂ ನೂರಾರು ಡೈರಿಗಳು ಬೇಕು. ನಿಮ್ಮ ಮನೆಯಲ್ಲೂ ಎಂಜಿನ್ ಇದ್ದರೆ, ಈ ಸುಗ್ಗಿಯಲ್ಲಿ ದಿನಕ್ಕೆ ಎಷ್ಟು ಲೀಟರ್ ಎಂದು ಬರೆದಿಡಿ. ಲೆಕ್ಕದ ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ.