ಎಷ್ಟು ಜಿಬಿ ಎಂದು ಕೇಳುವ ಮೊದಲು

ಎರಡು ಪ್ರೊಸೆಸರ್‌ಗಳ ಸರ್ವರ್‌ಗೆ ರ್‍ಯಾಮ್ ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಜಿಬಿ, ದರವೆಷ್ಟು ಎಂದು. ಮನೆಯ ಕಂಪ್ಯೂಟರಿಗೆ ಅಷ್ಟು ಸಾಕು. ಸರ್ವರಿನಲ್ಲಿ ಮಾತ್ರ ಆ ಲೆಕ್ಕ ಕೈಕೊಡುತ್ತದೆ. ಎಎಂಡಿ 2003ರಲ್ಲಿ ಆಪ್ಟೆರಾನ್‌ನಲ್ಲಿ, ಇಂಟೆಲ್ 2009ರಲ್ಲಿ ಜಿಯಾನ್ 5500 ಸರಣಿಯಲ್ಲಿ ಮೆಮೊರಿ ಕಂಟ್ರೋಲರನ್ನು ಪ್ರೊಸೆಸರಿನ ಒಳಕ್ಕೇ ತಂದವು. ಅಲ್ಲಿಂದೀಚೆಗೆ ಮದರ್‌ಬೋರ್ಡಿನ ಸ್ಲಾಟುಗಳು ಪ್ರೊಸೆಸರುಗಳ ನಡುವೆ ಪಾಲಾಗಿವೆ. ಒಂದು ಸಾಕೆಟ್ ಖಾಲಿಯಿದ್ದರೆ ಅದರ ಪಾಲಿನ ಸ್ಲಾಟುಗಳಿಗೆ ಹಾಕಿದ ರ್‍ಯಾಮ್ ಸಾಮಾನ್ಯವಾಗಿ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲವನ್ನೂ ಒಂದೇ ಕಡೆ ತುಂಬಿದರೆ ಇನ್ನೊಂದು ಪ್ರೊಸೆಸರ್ ಪ್ರತಿ ಸಲ ಪಕ್ಕದವನನ್ನು ಕೇಳಿ ತರಿಸಿಕೊಳ್ಳಬೇಕು.

ಎಎಂಡಿಯ 2021ರ ಎಪಿಕ್ 7003 ಸರಣಿಯನ್ನೇ ನೋಡೋಣ. ಪ್ರತಿ ಪ್ರೊಸೆಸರಿಗೆ ಎಂಟು ಚಾನೆಲ್, ಅಂದರೆ ಮೆಮೊರಿಯೊಂದಿಗೆ ದತ್ತಾಂಶ ಸಾಗಿಸುವ ದಾರಿಗಳು. ಡಿಡಿಆರ್4-3200 ರ್‍ಯಾಮ್ ಹಾಕಿದರೆ ಒಂದೊಂದು ಚಾನೆಲ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು. ಒಟ್ಟು 256 ಜಿಬಿ ಬೇಕೆಂದು 64 ಜಿಬಿಯ ನಾಲ್ಕು ತಂದರೆ ಪ್ರತಿ ಪ್ರೊಸೆಸರಿಗೆ ಎರಡೇ ಚಾನೆಲ್ ದುಡಿಯುತ್ತವೆ: ಸೆಕೆಂಡಿಗೆ 51.2 ಜಿಬಿ. ಅದೇ 256 ಜಿಬಿಯನ್ನು 16 ಜಿಬಿಯ ಹದಿನಾರಾಗಿ ಹಂಚಿದರೆ 204.8. ಮುಂದೆ ಸೇರಿಸಲು ಜಾಗ ಬೇಡವೇ ಎಂಬ ಪ್ರಶ್ನೆ ಸಹಜ. ಆದರೆ ಇಂದಿನ ವೇಗದ ಮುಕ್ಕಾಲು ಪಾಲನ್ನು ನಾಳಿನ ಖಾಲಿ ಜಾಗಕ್ಕಾಗಿ ಬಿಟ್ಟುಕೊಡುವುದು ದುಬಾರಿ ವ್ಯವಹಾರ. ಬೆಳವಣಿಗೆ ಖಚಿತವಿದ್ದರೆ 32 ಜಿಬಿಯ ಹದಿನಾರನ್ನು ಈಗಲೇ ಕೊಳ್ಳುವುದು ಮೇಲು. ಬರೀ ಕಡತ ಸಂಗ್ರಹಕ್ಕೆ ಬಳಸುವ ಸರ್ವರಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು, ನಿಜ. ಡೇಟಾಬೇಸ್ ನಡೆಸುವವರಿಗೆ ತಿಳಿಯುತ್ತದೆ.

ರ್‍ಯಾಮ್‌ನ ಜಾತಿಯ ವಿಷಯದಲ್ಲಿ ರಾಜಿಯೇ ಇಲ್ಲ. ಡಿಡಿಆರ್4ರಲ್ಲಿ ಯುಡಿಮ್, ಆರ್‌ಡಿಮ್, ಎಲ್‌ಆರ್‌ಡಿಮ್ ಎಂಬ ಮೂರೂ ಜಾತಿಗೆ 288 ಪಿನ್. ಸ್ಲಾಟಿಗೆ ಸಲೀಸಾಗಿ ಇಳಿಯುತ್ತವೆ, ಆದರೆ ಬೆರೆಸಿದರೆ ಯಂತ್ರ ಏಳುವುದಿಲ್ಲ. ತಪ್ಪು ತಿದ್ದುವ ಇಸಿಸಿ ಅನಗತ್ಯ ಖರ್ಚು ಎನ್ನುವವರೂ ಇದ್ದಾರೆ. ಗೂಗಲ್ ತನ್ನ ಸರ್ವರುಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವರ್ಷವೊಂದರಲ್ಲಿ ಸುಮಾರು ಮೂರನೇ ಒಂದರಷ್ಟು ಯಂತ್ರಗಳಲ್ಲಿ ಒಂದಾದರೂ ಮೆಮೊರಿ ದೋಷ ಕಂಡಿತ್ತು. ಇಸಿಸಿ ಇಲ್ಲದಿದ್ದರೆ ಇಂಥ ದೋಷ ಸದ್ದಿಲ್ಲದೆ ದತ್ತಾಂಶದೊಳಗೇ ಉಳಿದುಬಿಡಬಹುದು.

ತಯಾರಕರು ಕೊಡುವ ಪರೀಕ್ಷಿತ ರ್‍ಯಾಮ್‌ಗಳ ಪಟ್ಟಿ ತಮ್ಮ ಸರಕು ಮಾರುವ ಉಪಾಯ ಎಂಬ ಗುಮಾನಿಯಲ್ಲಿ ಸ್ವಲ್ಪ ಹುರುಳಿದೆ. ಪಟ್ಟಿಯಲ್ಲಿಲ್ಲದ್ದೂ ಎಷ್ಟೋ ಸಲ ಸರಿಯಾಗಿಯೇ ನಡೆಯುತ್ತದೆ. ಆದರೆ ನಡೆಯದಿದ್ದಾಗ ನಷ್ಟ ಯಾರದ್ದು? ಪಟ್ಟಿಯ ಹೊರಗಿನದನ್ನು ಕೊಳ್ಳುವುದಾದರೆ ಜಾತಿ, ರ್‍ಯಾಂಕ್ (ಮಾಡ್ಯೂಲಿನ ಚಿಪ್ ಗುಂಪುಗಳ ಸಂಖ್ಯೆ), ವೇಗ ಮೂರನ್ನೂ ಹೋಲಿಸಿ, ಬೋರ್ಡಿನ ಮಾದರಿ ಸಂಖ್ಯೆಯನ್ನು ಅಂಗಡಿಯವರಿಗೆ ತಿಳಿಸಿ, ಹೊಂದದಿದ್ದರೆ ವಾಪಸು ಪಡೆಯುವ ಮಾತನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.