ನಿಮಗಿದು ಗೊತ್ತೆ? ಗಾಲಿಕುರ್ಚಿಯ ಬೋಲ್ಟಿಗೆ ಪರದೆಯ ಕಾವಲು

ಗಾಲಿಕುರ್ಚಿಯ ಒಂದು ಬೋಲ್ಟ್ ಸಡಿಲವಾದರೂ ಸಾಕು, ಅದನ್ನೇ ನಂಬಿ ಕುಳಿತವರು ನೆಲಕ್ಕೆ ಬೀಳಬಹುದು. ಹಾಗಾಗಿ ಅದರ ಜೋಡಣೆಯಲ್ಲಿ ಅಂದಾಜಿಗೆ ಜಾಗವಿಲ್ಲ.

* ಐಎಸ್‌ಒ 7176-8 ಮಾನದಂಡದ ಪರೀಕ್ಷೆಯಲ್ಲಿ, ಮನುಷ್ಯನ ತೂಕದ ಬೊಂಬೆ ಕೂರಿಸಿದ ಗಾಲಿಕುರ್ಚಿಯನ್ನು ಅಡ್ಡಪಟ್ಟಿಗಳಿರುವ ಉರುಳೆಗಳ ಮೇಲೆ 2,00,000 ಸುತ್ತು ಓಡಿಸುತ್ತಾರೆ. ಬಳಿಕ 5 ಸೆಂ.ಮೀ. ಎತ್ತರದಿಂದ 6,666 ಬಾರಿ ಬೀಳಿಸುತ್ತಾರೆ. ಚೌಕಟ್ಟು ಮುರಿಯಬಾರದು, ಭಾಗಗಳು ಕಳಚಬಾರದು.

* ಹೀಗೆ ಪರೀಕ್ಷೆಗೆ ಒಳಗಾಗುವುದು ಮಾದರಿ ಕುರ್ಚಿ ಮಾತ್ರ. ಮುಂದೆ ತಯಾರಾಗುವ ಪ್ರತಿಯೊಂದೂ ಅಷ್ಟೇ ಗಟ್ಟಿಯಾಗಿರಬೇಕು. ಸೀಟಿನ ಅಗಲ, ಕಾಲಿಡುವ ಪಟ್ಟಿ, ಬ್ರೇಕ್ ಎಲ್ಲವೂ ಬಳಸುವವರಿಗೆ ತಕ್ಕಂತೆ ಬದಲಾಗುವುದರಿಂದ ಗೋಡೆಗೆ ಅಂಟಿಸಿದ ಹಳೆಯ ಜೋಡಣೆ ನಕ್ಷೆ ಸಾಲದು.

* ಇಲ್ಲಿ ನೆರವಿಗೆ ಬರುವುದು ಡಿಜಿಟಲ್ ಕಾರ್ಯಸೂಚನೆ. ಕೆಲಸಗಾರ ಬಾರ್‌ಕೋಡ್ ಸ್ಕ್ಯಾನ್ ಮಾಡಿದೊಡನೆ ಆ ಕುರ್ಚಿಯ ಹಂತಗಳು ಚಿತ್ರಸಮೇತ ಪರದೆಗೆ ಬರುತ್ತವೆ. ಪರದೆಗೆ ಜೋಡಿಸಿದ, ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರ್ ನಿಗದಿತ ಬಿಗಿ ತಲುಪುವವರೆಗೆ ಮುಂದಿನ ಹಂತ ತೆರೆಯದಂತೆ ಮಾಡಬಹುದು.

* ಪ್ರತಿ ಬೋಲ್ಟಿನ ಬಿಗಿಯೂ ಕುರ್ಚಿಯ ಕ್ರಮಸಂಖ್ಯೆಯಡಿ ದಾಖಲಾಗುತ್ತದೆ. ದೋಷ ಕಂಡರೆ ಅದೇ ಬ್ಯಾಚಿನ ಕುರ್ಚಿಗಳನ್ನಷ್ಟೇ ಹುಡುಕಿ ವಾಪಸ್ ಪಡೆಯಬಹುದು.

* ಮುಂದಿನ ಹಂತವನ್ನು ತಡೆದು, ತಪ್ಪು ನಡೆಯಲು ಅವಕಾಶವನ್ನೇ ಕೊಡದ ಈ ಉಪಾಯಕ್ಕೆ ಜಪಾನಿನಲ್ಲಿ 'ಪೋಕಾ ಯೋಕೆ' ಎನ್ನುತ್ತಾರೆ. 1960ರ ದಶಕದಲ್ಲಿ ಇದಕ್ಕೆ ರೂಪ ಕೊಟ್ಟವರು ಎಂಜಿನಿಯರ್ ಶಿಗೆಯೊ ಶಿಂಗೊ.

* ಗಾಲಿಕುರ್ಚಿಯಂಥ ಅಂಗವಿಕಲರ ಸಾಧನಗಳಿಗಾಗಿ ಕೇಂದ್ರ ಸರ್ಕಾರ 1972ರಲ್ಲಿ ಕಾನ್ಪುರದಲ್ಲಿ ಸ್ಥಾಪಿಸಿದ ಅಲಿಮ್ಕೊ ಸಂಸ್ಥೆಗೆ ಬೆಂಗಳೂರಿನಲ್ಲೂ ಉತ್ಪಾದನಾ ಘಟಕವಿದೆ.

ಕುರ್ಚಿಯಲ್ಲಿ ಕೂರುವವರಿಗೆ ಅದೇ ಕಾಲು. ಆ ಕಾಲು ತಪ್ಪದಂತೆ ನೋಡಿಕೊಳ್ಳುವುದು ತಯಾರಕರ ಹೊಣೆ.