ಅಣ್ಣನ ರಕ್ತಪರೀಕ್ಷೆ

ಮೊನ್ನೆ ಮೊಮ್ಮಗಳು ವಿಜ್ಞಾನದ ಪುಸ್ತಕ ಹಿಡಿದು ಬಂದಳು. “ತಾತ, ಬಿಳಿ ರಕ್ತಕಣಗಳು ನಮ್ಮ ಸೈನಿಕರಂತೆ. ಸೈನಿಕರಿಗೇ ಕಾಯಿಲೆ ಬಂದರೆ?”

ಮೂವತ್ತು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸಿದವನು ನಾನು. ಆದರೂ ಆ ಪ್ರಶ್ನೆ ಮನಸ್ಸಿಗೆ ನಾಟಿದ್ದು ನಿವೃತ್ತಿಯ ನಂತರ, ನನ್ನ ಅಣ್ಣನಿಂದ. “ಬರಿ, ಹೆಸರೊಂದು ಬೇಡ” ಎಂದು ಅವನೇ ಹೇಳಿದ್ದಾನೆ.

ಅಣ್ಣನಿಗೆ ಆಗ 61. ಮೊದಲು ಸರ್ಪಸುತ್ತು ಬಂತು. ಕೆಮ್ಮಣ್ಣು ಹಚ್ಚಿಸಿ, ನಾಗರಕಲ್ಲಿಗೆ ಹಾಲೆರೆದದ್ದಾಯಿತು; ಗುಳ್ಳೆ ಒಣಗಿತು. ಆಮೇಲೆ ಬಿಟ್ಟು ಬಿಟ್ಟು ಜ್ವರ, ಭೇದಿ. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದ. “ವಯಸ್ಸಾಯ್ತಲ್ಲ” ಎಂದೆವು. ಸಕ್ಕರೆ, ಥೈರಾಯ್ಡ್ ಎಲ್ಲವನ್ನೂ ನಾನೇ ಮುಂದೆ ನಿಂತು ಪರೀಕ್ಷೆ ಮಾಡಿಸಿದೆ. ಎಚ್‌ಐವಿ ಪರೀಕ್ಷೆಯ ಮಾತನ್ನು ಮಾತ್ರ ಎತ್ತಲಿಲ್ಲ. ವೈದ್ಯರೂ ಕೇಳಲಿಲ್ಲ. ಮೊಮ್ಮಕ್ಕಳನ್ನು ಕಂಡವನಿಗೆ ಅದೆಲ್ಲಿಯ ಮಾತು! ಹೀಗೇ ಎರಡು ವರ್ಷ ಕಳೆಯಿತು.

ಕೊನೆಗೆ ಅನುಮಾನಪಟ್ಟವರು ಹಲ್ಲಿನ ಡಾಕ್ಟರಮ್ಮ. ಹಲ್ಲುಸೆಟ್ಟಿನ ಅಳತೆಗೆಂದು ಅಣ್ಣ ಬಾಯಿ ತೆರೆದರೆ ನಾಲಿಗೆಯ ಮೇಲೆಲ್ಲ ಮೊಸರು ಅಂಟಿದಂಥ ಬಿಳಿ ಪದರ. ನನ್ನ ಮಗಳ ವಯಸ್ಸಿನವರು. ನಮ್ಮ ಹಾಗೆ ಸಂಕೋಚಪಡಲಿಲ್ಲ. “ಎಚ್‌ಐವಿ ಪರೀಕ್ಷೆ ಮಾಡಿಸಿ” ಎಂದರು.

ಮಕ್ಕಳೇ, ಈ ವೈರಸ್ ನುಗ್ಗುವುದು ಸಿಡಿ4 ಎಂಬ ಬಿಳಿ ರಕ್ತಕಣಗಳೊಳಗೆ. ಉಳಿದ ಸೈನಿಕರಿಗೆ ಅಪ್ಪಣೆ ಕೊಡುವ ದಳಪತಿಗಳು ಇವು. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500ರಿಂದ 1500 ಇರುತ್ತವೆ. ವೈರಸ್ ಇವನ್ನು ವರ್ಷಗಟ್ಟಲೆ ಸದ್ದಿಲ್ಲದೆ ತಿಂದುಹಾಕುತ್ತದೆ. ಅಷ್ಟು ದಿನವೂ ಮನುಷ್ಯ ಹೊಲಕ್ಕೆ ಹೋಗುತ್ತಾನೆ, ಮದುವೆಮನೆಯಲ್ಲಿ ಉಣ್ಣುತ್ತಾನೆ. 200ಕ್ಕಿಂತ ಕೆಳಗಿಳಿದರೆ ಕ್ಷಯದಂಥ ಕಾಯಿಲೆಗಳಿಗೆ ಬಾಗಿಲು ತೆರೆದಂತೆ. ಅಣ್ಣನದು 112.

ಹೇಗೆ ಬಂತೆಂದು ನಾನು ಕೇಳಲಿಲ್ಲ. ಅತ್ತಿಗೆಗೂ ಪರೀಕ್ಷೆ ಮಾಡಿಸಿದೆವು, ಸೋಂಕು ಇರಲಿಲ್ಲ. ಆ ಕಾಗದ ಕೈಗೆ ಬರುವವರೆಗೆ ಅಣ್ಣ ತುತ್ತೆತ್ತಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ತಾನೇ ತಟ್ಟೆ, ಲೋಟ ಬೇರೆ ಮಾಡಿಕೊಂಡ. ಜೊತೆಗೆ ಉಂಡರೆ, ಮುಟ್ಟಿದರೆ ಇದು ಹರಡುವುದಿಲ್ಲ ಎಂದು ಎಷ್ಟು ಜನಕ್ಕೆ ಹೇಳಿದ್ದೆನೋ! ಅವತ್ತು ಮಾತೇ ಹೊರಡಲಿಲ್ಲ. ಅವನ ತಟ್ಟೆಯ ಮುದ್ದೆಯಲ್ಲೇ ಒಂದು ತುಂಡು ಮುರಿದು ಬಾಯಿಗಿಟ್ಟೆ.

ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಈ ಪರೀಕ್ಷೆ ಉಚಿತ, ಗುಟ್ಟನ್ನೂ ಕಾಯುತ್ತಾರೆ. ವಿಚಾರಿಸಬೇಕೆಂದರೆ 1097 ಸಹಾಯವಾಣಿ ಇದೆ. 2004ರಿಂದ ನಮ್ಮ ದೇಶದಲ್ಲಿ ಸರ್ಕಾರವೇ ಮಾತ್ರೆ ಕೊಡುತ್ತಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಪತ್ತೆಯಾದ ಮೇಲೆ ಎಲ್ಲರಿಗೂ ಚಿಕಿತ್ಸೆ. ವಯಸ್ಸಾದವರಲ್ಲಿ ದಳಪತಿಗಳು ಮರಳಿ ಹುಟ್ಟುವುದು ನಿಧಾನ. ಎರಡು ವರ್ಷವಾದರೂ ಅಣ್ಣನದು ಇನ್ನೂ 340. ವೈರಸ್ ಮಾತ್ರ ಪರೀಕ್ಷೆಗೂ ಸಿಗದಷ್ಟು ಇಳಿದಿದೆ.

ರಾತ್ರಿ ಒಂಬತ್ತಕ್ಕೆ ಒಂದು ಮಾತ್ರೆ. ಚೌಕಾಬಾರದಲ್ಲಿ ಸೋಲುವ ಹಾಗಿದ್ದರೆ ಎಂಟೂವರೆಗೇ “ಮಾತ್ರೆ ಹೊತ್ತಾಯ್ತು” ಎಂದು ಎದ್ದುಬಿಡುತ್ತಾನೆ. ಮೊಮ್ಮಗಳು ಗಡಿಯಾರ ತೋರಿಸಿ ಮತ್ತೆ ಕೂರಿಸುತ್ತಾಳೆ.